ಕೀಲಿ ಹಾಕಿದ ಹೊಸ ಮನೆ: ಗುಳೆ ಹೋದವರಿಗೆ ಊರು ಎಂದರೆ ಯಾವುದು?

ಸಂಕ್ರಾಂತಿ ಕಳೆದು ತೊಗರಿ ರಾಶಿ ಮುಗಿದ ಮೇಲೆ ಸುರಪುರ, ಶಹಾಪುರ, ದೇವದುರ್ಗ, ಲಿಂಗಸುಗೂರು ತಾಲೂಕುಗಳ ಹಳ್ಳಿಗಳಲ್ಲಿ ಓಡಾಡಿದವರು ಇದನ್ನು ಕಂಡಿರುತ್ತಾರೆ: ಮಣ್ಣಿನ ಚಾವಣಿಯ ಹಳೆಯ ಮಾಳಿಗೆ ಮನೆಗಳ ಕಟ್ಟೆಯ ಮೇಲೆ ಮುದುಕರೂ ಸಣ್ಣ ಮಕ್ಕಳೂ ಕೂತಿರುತ್ತಾರೆ, ಅವುಗಳ ನಡುನಡುವೆ ಎದ್ದಿರುವ, ಬಣ್ಣ ಇನ್ನೂ ಮಾಸದ ಆರ್‌ಸಿಸಿ ಮನೆಗಳ ಬಾಗಿಲಿಗೆ ಮಾತ್ರ ಕೀಲಿ ಬಿದ್ದಿರುತ್ತದೆ. ಆ ಹೊಸ ಮನೆಗಳನ್ನು ಕಟ್ಟಿಸಿದವರು ನಾನೂರು ಐನೂರು ಕಿಲೋಮೀಟರ್ ಆಚೆ, ಬೆಂಗಳೂರಿನ ಹೊರವಲಯದ ಯಾವುದೋ ಖಾಲಿ ನಿವೇಶನದಲ್ಲಿ, ತಗಡು ಮತ್ತು ನೀಲಿ ತಾಡಪತ್ರಿ ಹೊದಿಸಿದ ಶೆಡ್ಡಿನಲ್ಲಿ ಮಲಗುತ್ತಾರೆ. ವರ್ಷದ ಬಹುಪಾಲು ದಿನ ತಾವಿರುವ ಜಾಗಕ್ಕೆ ಒಂದು ಒಳ್ಳೆಯ ಬಾಗಿಲು ಕೂರಿಸಲು ಹಿಂಜರಿಯುವವರು, ಹಬ್ಬಕ್ಕೆ ಜಾತ್ರೆಗೆ ಮಾತ್ರ ಕಾಲಿಡುವ ಮನೆಗೆ ಹಲವು ವರ್ಷಗಳ ದುಡಿಮೆ ಸುರಿಯುತ್ತಾರೆ. ಹೊರಗಿನವರಿಗೆ ಇದು ಲೆಕ್ಕ ತಪ್ಪಿದ ಬದುಕಿನಂತೆ ಕಾಣಬಹುದು. ಆದರೆ ಮನೆ ಮತ್ತು ಊರು ಎಂಬ ಎರಡು ಮಾತುಗಳು ಈ ಜನರ ಬದುಕಿನಲ್ಲಿ ಒಂದರಿಂದ ಒಂದು ಹೇಗೆ ಬೇರ್ಪಟ್ಟವು ಎಂಬುದನ್ನು ತಿಳಿದರೆ ಇದರ ಹಿಂದಿನ ಲೆಕ್ಕ ಗಟ್ಟಿಯಾದದ್ದೆಂದು ಗೊತ್ತಾಗುತ್ತದೆ.

ಮೊದಲು ಗುಳೆ ಎಂಬ ಮಾತನ್ನೇ ನೋಡಬೇಕು. ಪಟ್ಟಣಕ್ಕೆ ಹೋಗಿ ನೆಲೆಸುವುದಕ್ಕೆ ಈ ಹೆಸರಿಲ್ಲ. ಮಳೆ ಕೈಕೊಟ್ಟಾಗ, ಬರ ಬಿದ್ದಾಗ, ಹಿಂದಿನ ಕಾಲದಲ್ಲಿ ದಂಡು ಬಂದಾಗ, ಊರಿಗೆ ಊರೇ ಗಂಟುಮೂಟೆ ಕಟ್ಟಿ ಹೊರಡುವುದಕ್ಕೆ ಗುಳೆ ಎನ್ನುತ್ತಿದ್ದರು. ಹೋದವರು ಮಳೆಯಾದ ಮೇಲೆ ಮರಳುತ್ತಾರೆ ಎಂಬ ನಿರೀಕ್ಷೆ ಆ ಮಾತಿನಲ್ಲೇ ಅಡಗಿದೆ. ಈಗಲೂ ಹಲವು ಕುಟುಂಬಗಳ ವರ್ಷ ಹೀಗೆಯೇ ಸುತ್ತುತ್ತದೆ: ಮಿರಗದ (ಮೃಗಶಿರಾ) ಮಳೆಗೆ ಊರಲ್ಲಿದ್ದು ಬಿತ್ತುವುದು, ರಾಶಿ ಮುಗಿಸಿಕೊಂಡು ಬಸ್ಸು ಹತ್ತುವುದು, ಮುಂದಿನ ಮಳೆಗಾಲಕ್ಕೆ ತಿರುಗಿ ಬರುವುದು. ಹೊಲವಿಲ್ಲದವರಿಗೆ ಈ ಚಕ್ರವೂ ಇಲ್ಲ. ಅವರು ಹಬ್ಬಕ್ಕೆ ಬಂದು ಹಬ್ಬ ಮುಗಿಸಿ ಹೋಗುತ್ತಾರೆ. ಹೀಗೆ ಹೋಗುವುದಕ್ಕೆ ಜನ 'ದುಡಿಯಾಕ ಹೋಗ್ಯಾರ' ಎನ್ನುತ್ತಾರೆಯೇ ಹೊರತು 'ಊರು ಬಿಟ್ಟಾರ' ಎನ್ನುವುದಿಲ್ಲ. ಊರು ಬಿಟ್ಟವನೆಂದರೆ ಜಗಳವಾಡಿಯೋ ಸಾಲಕ್ಕೆ ಹೆದರಿಯೋ ಮುಖ ಮರೆಸಿಕೊಂಡವನು. ಇಪ್ಪತ್ತು ವರ್ಷ ಬೆಂಗಳೂರಿನಲ್ಲಿದ್ದವರ ವಿಷಯದಲ್ಲೂ ಊರಿನ ಜನ ಈ ವ್ಯತ್ಯಾಸವನ್ನು ಬಿಡದೆ ಕಾಯ್ದುಕೊಳ್ಳುತ್ತಾರೆ.

ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ನಾಡನ್ನು ಹಳೆಗನ್ನಡ ಶಾಸನಗಳು ಎಡೆದೊರೆ ಎಂದು ಕರೆದವು. ಎರಡು ಹೊಳೆಗಳ ನಡುವಿದ್ದೂ ಈ ಸೀಮೆಯ ಜನ ಗುಳೆ ಹೋಗುವುದೇಕೆ ಎಂಬ ಪ್ರಶ್ನೆ ಯಾರಿಗಾದರೂ ಬರುತ್ತದೆ. ಕಾಲುವೆ ಬಂದಲ್ಲಿ ಭತ್ತ ಬೆಳೆಯಿತು, ಆದರೆ ಕಾಲುವೆಯ ಕೊನೆಯಂಚಿಗೆ ನೀರು ತಲುಪುವುದು ಕಷ್ಟವಾಯಿತು; ಉಳಿದ ಎರೆ ಮತ್ತು ಮಸಾರಿ ಹೊಲಗಳು ಮಳೆಯನ್ನೇ ನಂಬಿ ಉಳಿದವು. ಪ್ರಾದೇಶಿಕ ಅಸಮಾನತೆಯನ್ನು ಅಳೆದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ ರಾಜ್ಯದ 39 ತಾಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಅವುಗಳಲ್ಲಿ 21 ಕಲಬುರಗಿ ವಿಭಾಗದಲ್ಲಿದ್ದವು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇಕಡಾ 75ರಷ್ಟಿದ್ದಾಗ ಯಾದಗಿರಿ ಜಿಲ್ಲೆಯದು ಶೇಕಡಾ 52ರ ಆಸುಪಾಸಿನಲ್ಲಿತ್ತು. ಹಿಂದೆ ಈ ಭಾಗದ ಜನ ಸೊಲ್ಲಾಪುರ, ಪುಣೆ, ಮುಂಬಯಿ, ಹೈದರಾಬಾದು, ಗೋವೆಗೆ ಹೋಗುತ್ತಿದ್ದರು, ಈಗಲೂ ಹೋಗುತ್ತಾರೆ. ಆದರೆ 2001ರಿಂದ 2011ರವರೆಗಿನ ಹತ್ತು ವರ್ಷಗಳಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 65 ಲಕ್ಷದಿಂದ 96 ಲಕ್ಷಕ್ಕೆ ಏರಿದಾಗ, ಆ ಏರಿಕೆಗೆ ಬೇಕಾದ ಕಟ್ಟಡಗಳನ್ನು ಕಟ್ಟಲು, ಪೈಪಿಗೆ ಕೇಬಲಿಗೆ ನೆಲ ಅಗೆಯಲು ಕೈಗಳು ಬೇಕಾದವು, ಮತ್ತು ರಾಯಚೂರು, ಯಾದಗಿರಿ, ಕಲಬುರಗಿಯ ರೈಲುಗಳೂ ರಾತ್ರಿ ಬಸ್ಸುಗಳೂ ಆ ಕೈಗಳನ್ನು ದಕ್ಷಿಣಕ್ಕೆ ತಂದವು. 2005ರ ಉದ್ಯೋಗ ಖಾತರಿ ಕಾಯ್ದೆ ಕುಟುಂಬಕ್ಕೆ ವರ್ಷಕ್ಕೆ 100 ದಿನದ ಕೆಲಸದ ಭರವಸೆ ಕೊಟ್ಟಿತು. ಅದರ ಆಸರೆ ದೊಡ್ಡದೇ ಆಗಿತ್ತು. ಆದರೆ 2024-25ರಲ್ಲಿ ರಾಜ್ಯದಲ್ಲಿ ಅದರ ದಿನಗೂಲಿ 349 ರೂಪಾಯಿ ಇದ್ದಾಗ ನಗರದ ಗಾರೆ ಕೆಲಸದ ಕೂಲಿ ಅದಕ್ಕಿಂತ ಬಹಳ ಮುಂದಿತ್ತು, ಮತ್ತು ಮಗಳ ಮದುವೆಗೆ ಬೇಕಾದ ಮುಂಗಡವನ್ನು ಪಂಚಾಯಿತಿ ಕೊಡುವುದಿಲ್ಲ, ಮೇಸ್ತ್ರಿ ಕೊಡುತ್ತಾನೆ.

ಕನ್ನಡದಲ್ಲಿ ಇರುವ ಜಾಗಕ್ಕೆ ಒಂದೇ ಮಾತಿಲ್ಲ ಎಂಬುದು ಇಲ್ಲಿ ನಮಗೆ ನೆರವಾಗುತ್ತದೆ. ಮನೆ ಎಂದರೆ ಒಲೆ ಉರಿಯುವ, ದೇವರ ಜಗಲಿ ಇರುವ ಜಾಗ. ಊರು ಎಂದರೆ ನಮ್ಮನ್ನು ಹೆಸರಿನಿಂದ, ಮನೆತನದಿಂದ, ಅಡ್ಡಹೆಸರಿನಿಂದ ಗುರುತಿಸುವ ಜಾಗ. ಎಷ್ಟೋ ಜನರ ಹೆಸರಿನ ಮುಂದೆ ಊರೇ ಮನೆತನದ ಹೆಸರಾಗಿ ನಿಂತಿದೆ. ಬಿಡಾರವೆಂದರೆ ದಾರಿಯಲ್ಲಿ ಇಳಿದುಕೊಂಡ ತಾವು. ಹಳ್ಳಿಯಲ್ಲೇ ಹುಟ್ಟಿ ಹಳ್ಳಿಯಲ್ಲೇ ಸಾಯುವವನಿಗೆ ಮನೆ ಮತ್ತು ಊರು ಒಂದರೊಳಗೊಂದು ಕೂಡಿಕೊಂಡಿರುವುದರಿಂದ ಅವುಗಳನ್ನು ಬಿಡಿಸಿ ನೋಡುವ ಅಗತ್ಯವೇ ಬೀಳುವುದಿಲ್ಲ. ಗುಳೆ ಹೋದವನಿಗೆ ಆ ಅಗತ್ಯ ಮೊದಲ ವರ್ಷವೇ ಬೀಳುತ್ತದೆ. ಬೆಂಗಳೂರಿನ ಶೆಡ್ಡಿನಲ್ಲಿ ಒಲೆ ಉರಿಯುತ್ತದೆ, ಮಗು ನಡೆಯಲು ಕಲಿಯುತ್ತದೆ, ಗಂಡ ಹೆಂಡತಿ ಜಗಳವಾಡಿ ರಾಜಿಯಾಗುತ್ತಾರೆ, ಆದರೂ ಅದನ್ನು ಅವರು ಮನೆ ಎನ್ನುವುದಿಲ್ಲ. 'ಶೆಡ್ಡು', 'ರೂಮು' ಎನ್ನುತ್ತಾರೆ. 'ಮನಿಗೆ ಹೋಗ್ತೀವಿ' ಎಂದರೆ ಆ ಮಾತು ಯಾವಾಗಲೂ ಊರಿನ ಮನೆಯನ್ನೇ ಸೂಚಿಸುತ್ತದೆ. ದಿನದ ಬದುಕು ಒಂದು ಕಡೆ, ಬದುಕಿನ ಗುರುತು ಇನ್ನೊಂದು ಕಡೆ. ವಲಸೆಯ ಬಗ್ಗೆ ಬರೆಯುವ ಅನೇಕರು ಹಳ್ಳಿಯ ಬೇರು ಕಿತ್ತು ನಗರದಲ್ಲಿ ನೆಟ್ಟಂತೆ ಚಿತ್ರಿಸುತ್ತಾರೆ. ನನಗೆ ಆ ಚಿತ್ರ ತಪ್ಪೆನಿಸುತ್ತದೆ. ಇಲ್ಲಿ ಯಾವುದೂ ಕಿತ್ತು ಬಂದಿಲ್ಲ. ಒಂದೇ ಕುಟುಂಬ ತನ್ನ ಸಂಸಾರವನ್ನು ಎರಡು ಜಾಗಗಳಿಗೆ ಹಂಚಿ, ಪ್ರತಿಯೊಂದಕ್ಕೂ ಬೇರೆ ಬೇರೆ ಕೆಲಸ ವಹಿಸಿದೆ.

ಊರಿನಲ್ಲಿ ಕಟ್ಟಿಸಿದ ಮನೆಯ ಕೆಲಸ ಅದರಲ್ಲಿ ವಾಸಿಸುವುದಲ್ಲ. ಈ ಸೀಮೆಯ ಹಳೆಯ ಮಾಳಿಗೆ ಮನೆಯನ್ನು ನೆನೆದುಕೊಳ್ಳಿ. ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ತೊಲೆ ಜಂತಿ, ಅದರ ಮೇಲೆ ಮಣ್ಣಿನ ಹಾಸು. ಬಿಸಿಲಿಗೆ ತಂಪು, ಚಳಿಗೆ ಬೆಚ್ಚಗೆ, ಆದರೆ ಅದಕ್ಕೆ ಮನುಷ್ಯರ ಕೈ ಬೇಕು. ಪ್ರತಿ ಮಳೆಗಾಲಕ್ಕೆ ಮೊದಲು ಮೇಲೆ ಹೊಸ ಮಣ್ಣು ಹಾಕಿ ತುಳಿಯಬೇಕು, ಬಿರುಕು ಮುಚ್ಚಬೇಕು, ಮಳೆ ಹಿಡಿದಾಗ ರಾತ್ರಿ ಎದ್ದು ಸೋರುವ ಜಾಗ ಹುಡುಕಬೇಕು. ನಾಲ್ಕು ವರ್ಷ ಯಾರೂ ಇರದ ಮಾಳಿಗೆ ಕುಸಿದು ಬೀಳುತ್ತದೆ. ಆರ್‌ಸಿಸಿ ಮನೆಗೆ ಇಷ್ಟು ಆರೈಕೆ ಬೇಡ. ಕೀಲಿ ಹಾಕಿ ಹೋದರೆ ಹೋದ ಹಾಗೆಯೇ ಇರುತ್ತದೆ. ಅದು ಬೇಸಿಗೆಯಲ್ಲಿ ಕಾದ ಹಂಚಿನಂತಾಗುತ್ತದೆಂದು ಎಲ್ಲರಿಗೂ ಗೊತ್ತು, ಆದರೆ ಬೇಸಿಗೆಯಲ್ಲಿ ಅಲ್ಲಿರುವವರು ಯಾರು? ಹಳ್ಳಿಯವರು ಪೇಟೆಯ ಅನುಕರಣೆಗಾಗಿ ಕಾಂಕ್ರೀಟಿಗೆ ಹೋದರು ಎಂಬ ಮಾತನ್ನು ಆಗಾಗ ಕೇಳುತ್ತೇವೆ. ಇಲ್ಲದಿರುವವರ ಪರವಾಗಿ ಊರಲ್ಲಿ ನಿಲ್ಲಬಲ್ಲ ಮನೆ ಅದೊಂದೇ ಎಂಬ ಕಾರಣವನ್ನೂ ಆ ಮಾತಿನ ಪಕ್ಕದಲ್ಲಿಡಬೇಕು.

ಇಂಥ ಮನೆ ಊರಿನಲ್ಲಿ ಹಲವು ಮಾತುಗಳನ್ನು ಆಡುತ್ತದೆ. ಹೆಣ್ಣು ಕೊಡುವವರು ಬಂದಾಗ ಹುಡುಗನ ಬೆಂಗಳೂರಿನ ಸಂಬಳವನ್ನು ಯಾರೂ ಎಣಿಸಿ ನೋಡಲಾರರು, ಮನೆಯನ್ನು ನೋಡಬಲ್ಲರು. ಅಣ್ಣತಮ್ಮಂದಿರಲ್ಲಿ ಪಾಲಾಗುವಾಗ, ಊರಲ್ಲಿಲ್ಲದವನ ಪಾಲು ತೆಳ್ಳಗಾಗದಂತೆ ಗೋಡೆ ತಡೆಯುತ್ತದೆ. ತಂದೆಯ ಕಾಲದಲ್ಲಿ ಗೌಡರ ಮನೆಯ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದ ಕುಟುಂಬ ಈಗ ಅದೇ ದಾರಿಯಲ್ಲಿ ಮಾಳಿಗೆಗಿಂತ ಎತ್ತರದ ಮನೆ ಕಟ್ಟಿದೆಯೆಂದರೆ, ಆ ಎತ್ತರ ಏನು ಹೇಳುತ್ತದೆಂದು ಊರಿನವರೆಲ್ಲರಿಗೂ ತಿಳಿಯುತ್ತದೆ. ಬೆಂಗಳೂರಿನಲ್ಲಿ ಇಪ್ಪತ್ತು ಮಹಡಿಯ ಕಟ್ಟಡ ಎಬ್ಬಿಸಿದವನ ಹೆಸರು ಆ ಕಟ್ಟಡದ ಯಾವ ಕಲ್ಲಿನ ಮೇಲೂ ಇರುವುದಿಲ್ಲ. ಊರಿನ ಮನೆಯ ನೆತ್ತಿಯ ಮೇಲೆ ಸಿಮೆಂಟಿನಲ್ಲಿ ಅಚ್ಚೊತ್ತಿದ ಇಸವಿ ಮತ್ತು ಕುಲದೇವರ ಹೆಸರು ಅವನದೇ.

ಊರಿನವನಾಗಿ ಉಳಿಯಲು ಮನೆಯೊಂದೇ ಸಾಲದು, ಪಟ್ಟಿ ಕೊಡಬೇಕು. ದ್ಯಾಮವ್ವನ ಜಾತ್ರೆಗೋ ಗುಡಿಯ ಜೀರ್ಣೋದ್ಧಾರಕ್ಕೋ ಮನೆಗೆ ಇಷ್ಟೆಂದು ಹಾಕುವ ವಂತಿಗೆಗೆ ಪಟ್ಟಿ ಎನ್ನುತ್ತಾರೆ. ದುಡಿಯಲು ಹೋದವರಿಂದಲೂ ಅದನ್ನು ತಪ್ಪದೆ ವಸೂಲು ಮಾಡುತ್ತಾರೆ, ಕೆಲವೊಮ್ಮೆ ಸ್ವಲ್ಪ ಹೆಚ್ಚೇ. ಇದನ್ನು ಸುಲಿಗೆಯೆಂದು ಯಾರೂ ಗೊಣಗುವುದಿಲ್ಲ, ಏಕೆಂದರೆ ಪಟ್ಟಿ ಕೇಳದೆ ಬಿಟ್ಟರೆ ಅದೇ ನಿಜವಾದ ಅವಮಾನ: ಊರು ನಿನ್ನನ್ನು ಲೆಕ್ಕದಿಂದ ತೆಗೆದಿದೆ ಎಂದರ್ಥ. ಮೊದಲು ಈ ಹಣ ಊರಿಗೆ ಹೋಗುವವರ ಕೈಯಲ್ಲೋ ಮನಿಯಾರ್ಡರಿನಲ್ಲೋ ಬರುತ್ತಿತ್ತು. ಈಗ ಫೋನ್‌ಪೇ ಮೂಲಕ ಬರುತ್ತದೆ, ಕೊಟ್ಟವರ ಹೆಸರು ಊರಿನ ವಾಟ್ಸಾಪ್ ಗುಂಪಿನಲ್ಲಿ ಬೀಳುತ್ತದೆ.

ವರ್ಷದಲ್ಲಿ ಕೆಲವು ದಿನ ಈ ಬೇರ್ಪಟ್ಟ ಬದುಕು ಒಂದಾಗುತ್ತದೆ. ರಾಯಚೂರು, ಯಾದಗಿರಿ, ಕಲಬುರಗಿ ಕಡೆ ಆ ದಿನಗಳಲ್ಲಿ ಮೊಹರಂ ಮುಖ್ಯವಾದದ್ದು. ಮುಸಲ್ಮಾನರ ಒಂದು ಮನೆಯೂ ಇರದ ಹಳ್ಳಿಗಳಲ್ಲೂ ಅಲಾಯಿ ಕುಣಿ (ಕೆಂಡದ ಗುಂಡಿ) ತೋಡಿ, ಪೀರಲ ದೇವರನ್ನು ಕೂರಿಸಿ, ಹೆಜ್ಜೆ ಹಾಕುವ ಈ ಹಬ್ಬಕ್ಕೆ ಬೆಂಗಳೂರಿನ ಕಟ್ಟಡ ಕೆಲಸಗಳೇ ನಿಧಾನವಾಗುವಷ್ಟು ಜನ ಊರಿಗೆ ಹೊರಡುತ್ತಾರೆ. ನಾಗರಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ (ಭೂತಾಯಿಗೆ ಎಡೆ) ಚೆಲ್ಲಬೇಕು, ಸಜ್ಜಿ ರೊಟ್ಟಿ, ಪುಂಡಿಪಲ್ಲೆ, ಭಜ್ಜಿಯೊಂದಿಗೆ ಬಂಧುಗಳು ಕೂತು ಉಣ್ಣಬೇಕು. ತಿಂಥಣಿಯ ಮೌನೇಶ್ವರ, ಮೈಲಾಪುರದ ಮಲ್ಲಯ್ಯ, ಹುಲಿಗಿಯ ಹುಲಿಗೆಮ್ಮರ ಜಾತ್ರೆಗಳಿಗೂ ಹೀಗೆಯೇ ಜನ ಕೂಡುತ್ತಾರೆ. ಆ ದಿನಗಳಲ್ಲಿ ಹೊಸ ಮನೆಗಳ ಕೀಲಿ ತೆರೆಯುತ್ತದೆ, ಹಾಸಿಗೆಗಳ ಧೂಳು ಕೊಡವುತ್ತಾರೆ, ಸಾಲ ತೀರಿಸುತ್ತಾರೆ, ಲಗ್ನ ಮಾತಾಡುತ್ತಾರೆ, ಪಾಲಿನ ಜಗಳ ತೆಗೆಯುತ್ತಾರೆ, ಮುಂದಿನ ಸೀಜನ್ನಿಗೆ ಮೇಸ್ತ್ರಿಯೊಂದಿಗೆ ಮಾತುಕತೆ ಮುಗಿಸುತ್ತಾರೆ. ಹಬ್ಬ ಎಂದರೆ ಊರಿನ ಲೆಕ್ಕಪತ್ರಗಳ ದಿನವೂ ಹೌದು.

ಇನ್ನು ನಗರದ ಕಡೆಗೆ ಬರೋಣ. ಬೆಂಗಳೂರಿಗೆ ಬಂದವರು ಅಪರಿಚಿತರ ನಡುವೆ ಒಂಟಿಯಾಗಿ ಬೀಳುತ್ತಾರೆ ಎಂಬುದು ಅರ್ಧ ನಿಜ ಮಾತ್ರ. ಮೇಸ್ತ್ರಿ ಸಾಮಾನ್ಯವಾಗಿ ತಮ್ಮ ಊರಿನವನೋ ಪಕ್ಕದ ಊರಿನವನೋ ಆಗಿರುತ್ತಾನೆ. ಅವನು ಕರೆತಂದವರು ಒಂದೇ ಸಾಲಿನ ಶೆಡ್ಡುಗಳಲ್ಲಿ ಇಳಿಯುತ್ತಾರೆ. ಹೀಗಾಗಿ ಹೆಬ್ಬಾಳ, ಥಣಿಸಂದ್ರ, ಮಾರತ್ತಹಳ್ಳಿ, ವೈಟ್‌ಫೀಲ್ಡ್‌ಗಳ ಸಂದಿಗಳಲ್ಲಿ ಊರೂರುಗಳ ಚೂರುಗಳು ಎದ್ದು ನಿಂತಿವೆ. ಬೆಳಗಿನ ಜಾವ ಎದ್ದು ರೊಟ್ಟಿ ಬಡಿಯುವ ಸದ್ದು, ಗುರೆಳ್ಳು ಪುಡಿ, ಶೇಂಗಾ ಹಿಂಡಿ, ಊರಿನಿಂದ ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದ ಬಿಳಿಜೋಳದ ಚೀಲ. ಜೋಳ ಬೆಂಗಳೂರಿನ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಊರಿನ ಜೋಳದ ಹಿಟ್ಟಿಗೆ ಜಿಗಿ ಬೇರೆ ಎನ್ನುತ್ತಾರೆ. ತಮ್ಮ ಹೊಲದ ಕಾಳನ್ನೇ ಉಣ್ಣುವವರೆಗೆ ತಾವಿನ್ನೂ ಒಕ್ಕಲುತನ ಮಾಡುವವರು, ಕೇವಲ ಕೂಲಿಗಳಲ್ಲ ಎಂಬ ಭಾವನೆ ಆ ಚೀಲದ ಜೊತೆ ಬರುತ್ತದೆ. ಈ ನೆರೆಹೊರೆಯೇ ಜ್ವರ ಬಂದಾಗ ಆಸ್ಪತ್ರೆಗೆ ಕರೆದೊಯ್ಯುತ್ತದೆ, ಕೂಲಿ ಕೊಡದ ಗುತ್ತಿಗೆದಾರನ ಮುಂದೆ ಗುಂಪಾಗಿ ನಿಲ್ಲುತ್ತದೆ. ಅದೇ ನೆರೆಹೊರೆ, ಮುಂಗಡ ಪಡೆದವನು ಬೇರೆ ಕೆಲಸಕ್ಕೆ ಹೋಗದಂತೆ ಕಾಯುವ ಕಣ್ಣೂ ಆಗಿರುತ್ತದೆ. ಊರಿನ ಆಸರೆ ಮತ್ತು ಊರಿನ ಹಿಡಿತ ಎರಡೂ ಒಟ್ಟಿಗೆ ನಗರಕ್ಕೆ ಬಂದಿವೆ.

ನಗರ ಇವರನ್ನು ತನ್ನವರೆಂದು ಎಷ್ಟು ಒಪ್ಪುತ್ತದೆ? ಕನ್ನಡ ಆಡುವವರು ಕನ್ನಡನಾಡಿನ ರಾಜಧಾನಿಗೆ ಬಂದರೆ ಈ ಪ್ರಶ್ನೆಯೇ ಏಳಬಾರದು. ಆದರೆ 'ಹೋಗ್ಯಾರ', 'ಬಂದೀನಿ', 'ಅದರೀ' ಎಂಬ ಮಾತು ಕೇಳಿದೊಡನೆ ಮನೆ ಬಾಡಿಗೆ ಕೊಡುವವರ ದನಿ ಬದಲಾಗುವುದನ್ನು ಈ ಜನ ದಿನವೂ ಕಾಣುತ್ತಾರೆ. 2020ರ ಜನವರಿಯಲ್ಲಿ ಬೆಳ್ಳಂದೂರಿನ ಹತ್ತಿರದ ಕರಿಯಮ್ಮನ ಅಗ್ರಹಾರದಲ್ಲಿ, ಅಲ್ಲಿರುವವರು ಅಕ್ರಮ ಬಾಂಗ್ಲಾದೇಶಿಗಳೆಂಬ ಆರೋಪದ ಹಿನ್ನೆಲೆಯಲ್ಲಿ ಶೆಡ್ಡುಗಳನ್ನು ನೆಲಸಮ ಮಾಡಲಾಯಿತು. ಬೀದಿಗೆ ಬಿದ್ದವರಲ್ಲಿ ಬೇರೆ ರಾಜ್ಯಗಳಿಂದ ಬಂದ ಭಾರತೀಯರೂ ಉತ್ತರ ಕರ್ನಾಟಕದ ಕುಟುಂಬಗಳೂ ಇದ್ದವು. ರಾಜ್ಯದ ಹೈಕೋರ್ಟು ಈ ಕ್ರಮವನ್ನು ಒಪ್ಪಲಿಲ್ಲ. ಸ್ವಂತ ರಾಜ್ಯದ ರಾಜಧಾನಿಯಲ್ಲಿ ತಾನು ಈ ದೇಶದವನೆಂದು ಆಧಾರ್ ಕಾರ್ಡು ಹಿಡಿದು ಸಾಬೀತು ಮಾಡಬೇಕಾಗಿ ಬಂದವನಿಗೆ, ಊರಿನ ಮನೆಗೆ ಇನ್ನೊಂದು ಲೋಡು ಮರಳು ಹಾಕಿಸಲು ಬೇರೆ ಕಾರಣ ಬೇಕಿಲ್ಲ. ಗೋವೆಯ ವಾಸ್ಕೋದ ಬೈನಾ ಕಡಲತೀರದಲ್ಲಿ ದಶಕಗಳಿಂದ ನೆಲೆಸಿದ್ದ ಕನ್ನಡಿಗ ಕುಟುಂಬಗಳ ಮನೆಗಳನ್ನು 2017ರಲ್ಲಿ ಕೆಡವಿದಾಗ, ಊರಲ್ಲಿ ಒಂದು ಸೂರು ಉಳಿಸಿಕೊಂಡವರಿಗೂ ಉಳಿಸಿಕೊಳ್ಳದವರಿಗೂ ಇರುವ ಅಂತರ ಕಣ್ಣೆದುರು ಬಂತು.

ಕಾಗದಪತ್ರಗಳ ಲೋಕ ಈ ಎರಡು ನೆಲೆಯ ಬದುಕನ್ನು ಅರಿಯದು. ಪ್ರತಿ ಅರ್ಜಿಯೂ ಒಂದೇ ವಿಳಾಸ ಕೇಳುತ್ತದೆ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಗುತ್ತಿಗೆದಾರರ ಮೂಲಕ ಹೋದವರಿಗೆ ಸ್ಥಳಾಂತರ ಭತ್ಯೆ, ಪ್ರಯಾಣ ಭತ್ಯೆಗಳ ಹಕ್ಕು ಕೊಟ್ಟಿತು, ಆದರೆ ರಾಜ್ಯದ ಗಡಿ ದಾಟಿದವರಿಗೆ ಮಾತ್ರ. ಕಲಬುರಗಿಯಿಂದ ನೂರು ಚಿಲ್ಲರೆ ಕಿಲೋಮೀಟರ್ ದೂರದ ಸೊಲ್ಲಾಪುರಕ್ಕೆ ಹೋದವನು ಆ ಕಾನೂನಿನ ಕಣ್ಣಿಗೆ ವಲಸೆಗಾರನಾಗಿದ್ದ, ಐನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋದವನು ಆಗಿರಲಿಲ್ಲ. 2020ರ ಕಾರ್ಮಿಕ ಸಂಹಿತೆಯೂ ಅದೇ ಗೆರೆಯನ್ನು ಉಳಿಸಿಕೊಂಡಿದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಲು ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿರಬೇಕು. ವಾರಕ್ಕೊಂದು ಕಡೆ ದುಡಿಯುವವನಿಗೆ ಆ ತೊಂಬತ್ತು ದಿನಗಳಿಗೆ ಸಹಿ ಹಾಕುವವರು ಸಿಗುವುದೇ ಕಷ್ಟ. ಪಡಿತರದಲ್ಲಿ ಮಾತ್ರ ಗೋಡೆ ಸ್ವಲ್ಪ ಬಿರುಕು ಬಿಟ್ಟಿದೆ: ಊರಿನ ಕಾರ್ಡಿನಿಂದ ಬೇರೆ ಕಡೆಯ ನ್ಯಾಯಬೆಲೆ ಅಂಗಡಿಯಲ್ಲೂ ಧಾನ್ಯ ಪಡೆಯುವ ಅವಕಾಶ ಬಂದಿದೆ. ಆದರೂ ಅನೇಕರು ಕಾರ್ಡನ್ನು ಊರಲ್ಲಿ ಅಜ್ಜಿಯ ಬಳಿಯೇ ಬಿಡುತ್ತಾರೆ, ಏಕೆಂದರೆ ಊರಲ್ಲಿ ಉಳಿದ ಬಾಯಿಗಳಿಗೆ ಅಕ್ಕಿ ಬೇಕಲ್ಲ.

ಮತದಾನದ ಕಾನೂನು ಇನ್ನೂ ಕುತೂಹಲದ್ದು. 1950ರ ಜನಪ್ರಾತಿನಿಧ್ಯ ಕಾಯ್ದೆಯ 20ನೇ ಕಲಮು ಒಂದು ಕ್ಷೇತ್ರದ 'ಸಾಮಾನ್ಯ ನಿವಾಸಿ' ಯಾರು ಎಂಬುದನ್ನು ಬಿಡಿಸುತ್ತದೆ. ಅಲ್ಲಿ ಮನೆ ಇದ್ದ ಮಾತ್ರಕ್ಕೆ ಯಾರೂ ನಿವಾಸಿಯಾಗುವುದಿಲ್ಲ ಎನ್ನುತ್ತದೆ; ತಾತ್ಕಾಲಿಕವಾಗಿ ದೂರವಿದ್ದ ಮಾತ್ರಕ್ಕೆ ನಿವಾಸಿತನ ಹೋಗುವುದೂ ಇಲ್ಲ ಎನ್ನುತ್ತದೆ. ಹದಿನೈದು ವರ್ಷದ ತಾತ್ಕಾಲಿಕತೆಯನ್ನು ಏನೆಂದು ಕರೆಯಬೇಕು ಎಂಬ ಪ್ರಶ್ನೆ ಈ ಎರಡು ಮಾತುಗಳ ನಡುವೆ ಬಿದ್ದಿದೆ. ಜನ ಅದಕ್ಕೆ ತಮ್ಮದೇ ಉತ್ತರ ಕೊಟ್ಟುಕೊಂಡಿದ್ದಾರೆ: ಪಂಚಾಯಿತಿ ಚುನಾವಣೆಗೆ ಅಭ್ಯರ್ಥಿಗಳೇ ಮಾಡಿಸಿದ ಬಸ್ಸಿನಲ್ಲಿ ರಾತ್ರೋರಾತ್ರಿ ಊರಿಗೆ ಹೋಗಿ ವೋಟು ಹಾಕಿ ಬರುತ್ತಾರೆ. ತಾವಿರುವ ಶೆಡ್ಡಿಗೆ ನೀರು ಕೊಡಬಲ್ಲ ನಗರದ ವಾರ್ಡಿನಲ್ಲಿ ಅವರ ವೋಟಿಲ್ಲ, ಹೀಗಾಗಿ ಆ ವಾರ್ಡಿನ ರಾಜಕಾರಣಿಗೆ ಅವರು ಕಾಣುವುದೂ ಇಲ್ಲ. ಊರಿನ ನಂಟಿಗೆ ಅವರು ತೆರುತ್ತಿರುವ ದೊಡ್ಡ ಬೆಲೆಗಳಲ್ಲಿ ಇದೊಂದು, ಮತ್ತು ಇದನ್ನು ಅವರೊಬ್ಬರ ತಲೆಗೇ ಕಟ್ಟುವುದು ನ್ಯಾಯವಲ್ಲ.

ಇಲ್ಲಿಯವರೆಗೆ ಊರು ಎಲ್ಲರಿಗೂ ಒಂದೇ ತೆರನಾದ ಸೆಳೆತ ಎಂಬಂತೆ ಬರೆದಿದ್ದೇನೆ, ಅದನ್ನು ತಿದ್ದಬೇಕು. ಕೇರಿಯಲ್ಲಿ ಹುಟ್ಟಿದವರಿಗೆ ಊರು ಎಂಬ ಮಾತೇ ಸ್ವಲ್ಪ ಬೇರೆ. ಊರೊಳಗಿನ ಬಾವಿ, ಹೋಟೆಲು, ಕ್ಷೌರದಂಗಡಿ, ಗುಡಿ ಯಾವುವೂ ತಮ್ಮವಲ್ಲವೆಂದು ಕಲಿತು ಬೆಳೆದವರು 'ನಮ್ಮೂರು' ಎನ್ನುವಾಗ ಆ ನಮ್ಮತನಕ್ಕೆ ಒಂದು ಗಾಯ ಅಂಟಿರುತ್ತದೆ. ಹಳ್ಳಿಯನ್ನು ಕೊಂಡಾಡುವವರಿಗೆ ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಕಟುವಾಗಿಯೇ ಉತ್ತರಿಸಿದ್ದರು. ಅವರ ದೃಷ್ಟಿಯಲ್ಲಿ ಅದು ಸಂಕುಚಿತತನದ ಗೂಡಾಗಿತ್ತು. ಬೆಂಗಳೂರಿನಲ್ಲಿ ಯಾರೆಂದು ಕೇಳದೆ ಚಹಾ ಕೊಡುವ ಅಂಗಡಿ, ಪಕ್ಕದಲ್ಲಿ ಕೂತವನ ಜಾತಿ ತಿಳಿಯದ ಬಸ್ಸು, ಇವು ಸಣ್ಣ ಸಂಗತಿಗಳಲ್ಲ. ಆದರೆ ನಗರದಲ್ಲೂ ಬಾಡಿಗೆಗೆ ಕೋಣೆ ಕೇಳುವಾಗ 'ನೀವು ಯಾವ ಜನ?' ಎಂಬ ಪ್ರಶ್ನೆ ಎದುರಾಗುತ್ತದೆ, ಶೆಡ್ಡುಗಳ ಸಾಲುಗಳೂ ಎಷ್ಟೋ ಕಡೆ ಜಾತಿಯ ಗೆರೆಯನ್ನೇ ಹಿಡಿದು ಎದ್ದಿವೆ. ಲಂಬಾಣಿ ತಾಂಡಾಗಳ ಕತೆ ಇನ್ನೊಂದು ಬಗೆಯದು. ಎಷ್ಟೋ ತಾಂಡಾಗಳು ಬಹುಕಾಲ ಕಂದಾಯ ದಾಖಲೆಯಲ್ಲಿ ಊರೇ ಆಗಿರಲಿಲ್ಲ. ತಾವು ಹುಟ್ಟಿದ ಮನೆಯ ಜಾಗ ತಮ್ಮ ಹೆಸರಿನಲ್ಲಿರಲಿಲ್ಲ. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಸುಮಾರು 50,000 ಕುಟುಂಬಗಳಿಗೆ ಹಕ್ಕುಪತ್ರ ಹಂಚಿದಾಗ, ಅವರಲ್ಲಿ ಅನೇಕರು ದುಡಿಯಲು ಹೋದ ಕಡೆಯಿಂದ ಬಂದು ತಮ್ಮ ಊರನ್ನು ಮೊದಲ ಬಾರಿಗೆ ಕಾಗದದ ಮೇಲೆ ಕಂಡಿರಬೇಕು. ಮತ್ತೆ, ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದ ಬಾಗಲಕೋಟೆ ಸೀಮೆಯ ಹಳ್ಳಿಗಳವರಿಗೆ ತಿರುಗಿ ಹೋಗುವ ಊರೇ ನೀರಿನಡಿಯಿದೆ. ಪುನರ್ವಸತಿ ಕೇಂದ್ರಕ್ಕೆ ಹಳೆಯ ಹೆಸರಿಟ್ಟುಕೊಂಡು ಅವರು ಅದನ್ನು ಊರು ಎಂದು ಕರೆಯಲು ಕಲಿತಿದ್ದಾರೆ.

ಹೆಂಗಸರ ವಿಷಯಕ್ಕೆ ಬಂದರೆ ಲೆಕ್ಕವೇ ಬೇರೆ. 2011ರ ಜನಗಣತಿ ದೇಶದಲ್ಲಿ 45 ಕೋಟಿ ವಲಸಿಗರನ್ನು ಎಣಿಸಿತು. ಅವರಲ್ಲಿ ಮೂರನೆಯ ಎರಡು ಪಾಲಿಗಿಂತ ಹೆಚ್ಚು ಹೆಂಗಸರು, ಅವರ ಸ್ಥಳಾಂತರಕ್ಕೆ ಮುಖ್ಯ ಕಾರಣ ಮದುವೆ. ಅಂದರೆ ಹುಟ್ಟಿದ ಮನೆ ಬಿಟ್ಟು ಇನ್ನೊಂದನ್ನು ತನ್ನದೆಂದುಕೊಳ್ಳುವ ಕಷ್ಟವನ್ನು ಗಂಡಸು ಮೊದಲ ಬಾರಿಗೆ ಮೆಜೆಸ್ಟಿಕ್ಕಿನಲ್ಲಿ ಇಳಿದಾಗ ಅನುಭವಿಸಿದರೆ, ಅವನ ಹೆಂಡತಿ ಅದನ್ನು ಲಗ್ನದ ಮರುದಿನವೇ ಅನುಭವಿಸಿರುತ್ತಾಳೆ. ಅವಳಿಗೆ ತವರು ಒಂದು, ಗಂಡನ ಮನೆ ಇನ್ನೊಂದು, ಬೆಂಗಳೂರು ಮೂರನೆಯದು. ಈ ಮೂರರಲ್ಲಿ ಅತ್ತೆಯ ಕಣ್ಣಿಲ್ಲದ, ತನ್ನ ಕೂಲಿ ತನ್ನ ಕೈಗೇ ಬರುವ ಜಾಗ ಮೂರನೆಯದೇ ಆಗಿದ್ದರೆ, ಸೋರುವ ಶೆಡ್ಡನ್ನೂ ಅವಳು ಗಂಡನಷ್ಟು ಸುಲಭವಾಗಿ ಬಿಡಾರ ಎನ್ನಲಾರಳು. ನೀರಿಗೆ, ಶೌಚಕ್ಕೆ, ಎಳೆಗೂಸಿಗೆ ಆ ಜಾಗದಲ್ಲಿ ಅತಿ ಹೆಚ್ಚು ಕಷ್ಟಪಡುವವಳೂ ಅವಳೇ. ಹೆರಿಗೆಗೆ ಬಾಣಂತನಕ್ಕೆ ತವರಿಗೆ ಹೋಗುತ್ತಾಳೆ, ಆದರೆ ತವರಲ್ಲಿ ಅವ್ವ ಇರುವವರೆಗೆ ಮಾತ್ರ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಪ್ರಯಾಣವನ್ನು ಉಚಿತವಾಗಿಸಿದ ಮೇಲೆ ಇದರಲ್ಲಿ ಒಂದು ಬದಲಾವಣೆ ಬಂದಿದೆ ಎಂದು ನಾನು ನಂಬುತ್ತೇನೆ. ಊರಿಗೆ ಯಾವಾಗ ಹೋಗಬೇಕೆಂಬುದನ್ನು ಬಸ್ ಚಾರ್ಜು ಹಿಡಿದ ಗಂಡಸಿನ ಕೈ ನಿರ್ಧರಿಸುತ್ತಿದ್ದ ಮನೆಗಳಲ್ಲಿ, ಈಗ ತಂಗಿಯ ಸೀಮಂತಕ್ಕೋ ಚಿಕ್ಕಪ್ಪನ ಮಣ್ಣಿಗೋ ಅವಳು ತಾನೇ ಹೊರಟು ತಾನೇ ಬರಬಲ್ಲಳು. ಊರಿನ ನಂಟು ಗಂಡನ ಊರಿನದಷ್ಟೇ ಆಗಿ ಉಳಿದಿಲ್ಲ, ತವರಿನದೂ ಆಗಿದೆ.

ಈ ಎರಡು ನೆಲೆಯ ಲೆಕ್ಕ ಸರಿಯೋ ತಪ್ಪೋ ಎಂಬುದಕ್ಕೆ 2020ರ ಮಾರ್ಚ್ ದೊಡ್ಡ ಪರೀಕ್ಷೆಯಾಯಿತು. ಲಾಕ್‌ಡೌನ್ ಘೋಷಣೆಯಾದಾಗ ಕೂಲಿ ನಿಂತಿತು, ಮತ್ತು ಕೂಲಿಯಿಲ್ಲದ ನಗರದಲ್ಲಿ ತಮಗೆ ಏನೂ ಇಲ್ಲ ಎಂಬುದು ಕೆಲವೇ ದಿನಗಳಲ್ಲಿ ತಿಳಿಯಿತು. ಮೇ ಮೊದಲ ವಾರ ಸರ್ಕಾರ ಮೆಜೆಸ್ಟಿಕ್ಕಿನಿಂದ ಉಚಿತ ಬಸ್ಸು ಬಿಟ್ಟಾಗ ಗಂಟು, ಕೊಡ, ಸ್ಟವ್ವು, ಮಕ್ಕಳನ್ನು ಹೊತ್ತುಕೊಂಡು ಜನ ಮುಗಿಬಿದ್ದರು. ಊರಲ್ಲಿ ಮನೆ ಇದ್ದವರಿಗೆ ಹೋಗಲು ಒಂದು ಜಾಗವಿತ್ತು. ಆದರೆ ಊರೂ ಆಗ ಮೊದಲಿನ ಊರಾಗಿರಲಿಲ್ಲ: ಕೆಲವು ಹಳ್ಳಿಗಳು ದಾರಿಗೆ ಅಡ್ಡಲಾಗಿ ಮುಳ್ಳು ಹಾಕಿದವು, ಬಂದವರು ಊರ ಹೊರಗಿನ ಶಾಲೆಗಳಲ್ಲಿ ಕ್ವಾರಂಟೈನಿನಲ್ಲಿ ಕೂತರು, ಪಟ್ಟಿ ಪಡೆದಿದ್ದ ಊರೇ ಬೆಂಗಳೂರಿನವರು ಬಂದರೆಂದು ಬೆರಳು ತೋರಿಸಿತು. ಆ ದಿನಗಳಲ್ಲಿ ಅವರನ್ನು ಊರಲ್ಲಿ ಬೆಂಗಳೂರಿನವರೆಂದೂ ಬೆಂಗಳೂರಿನಲ್ಲಿ ಊರಿನವರೆಂದೂ ಕರೆದರು. ಮಳೆ ಬಂತು, ಬಿತ್ತಿದರು, ಸಾಲ ಬೆಳೆಯಿತು. ಕೆಲವು ತಿಂಗಳಲ್ಲೇ ಮೇಸ್ತ್ರಿಗಳ ಫೋನು ಬಂದಾಗ ಬಹಳಷ್ಟು ಜನ ತಿರುಗಿ ಬಸ್ಸು ಹತ್ತಿದರು. ಒಂದೇ ನೆಲೆಯನ್ನು ನಂಬಿದ್ದರೆ ಆ ವರ್ಷ ಅವರು ಉಳಿಯುತ್ತಿರಲಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕೊನೆಗೆ ಮಕ್ಕಳು. ಹಲವು ಮನೆಗಳಲ್ಲಿ ಶಾಲೆಗೆ ಹೋಗುವ ಮಗುವನ್ನು ಊರಲ್ಲಿ ಅಜ್ಜಿಯ ಬಳಿ ಬಿಟ್ಟು, ಹಾಲು ಕುಡಿಯುವ ಮಗುವನ್ನು ಕಟ್ಟಿಕೊಂಡು ಹೋಗುತ್ತಾರೆ. ಒಡಹುಟ್ಟಿದವರೇ ಎರಡು ಊರಿನವರಾಗಿ ಬೆಳೆಯುತ್ತಾರೆ. ಶಿಕ್ಷಣ ಹಕ್ಕು ಕಾಯ್ದೆ ವರ್ಗಾವಣೆ ಪತ್ರವಿಲ್ಲವೆಂದು ಮಗುವನ್ನು ಶಾಲೆಯಿಂದ ತಿರುಗಿ ಕಳಿಸಬಾರದೆನ್ನುತ್ತದೆ, ಬೆಂಗಳೂರಿನಲ್ಲಿ ವಲಸೆ ಮಕ್ಕಳಿಗಾಗಿ ಟೆಂಟು ಶಾಲೆಗಳೂ ನಡೆದಿವೆ. ಬೆಂಗಳೂರಿನ ಶಾಲೆಯಲ್ಲೇ ಬೆಳೆದ ಮಗು 'ಐತಿ' ಮತ್ತು 'ಇದೆ' ಎರಡನ್ನೂ ಆಡಲು ಕಲಿಯುತ್ತದೆ, ಮನೆಯಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು. ಅಪ್ಪ 'ನಮ್ಮೂರು' ಎನ್ನುವ ಜಾಗವನ್ನು ಅದು 'ನಮ್ಮ ಅಪ್ಪನ ಊರು' ಎನ್ನುತ್ತದೆ. ಮೊಹರಮಿಗೆ ಹೋಗುವುದು ಅದಕ್ಕೆ ಇಷ್ಟ, ಆದರೆ ಹತ್ತು ದಿನ ಕಳೆದ ಮೇಲೆ ತನ್ನ ಗೆಳೆಯರಿರುವ ಓಣಿಗೆ ಮರಳಲು ಹಂಬಲಿಸುತ್ತದೆ. ಇದನ್ನು ಕಂಡ ತಂದೆತಾಯಿಗಳು ಬೇಸರ ಪಟ್ಟುಕೊಳ್ಳುತ್ತಾರೆ, ಆದರೂ ಹೊರವಲಯದಲ್ಲಿ ಇಪ್ಪತ್ತು ಮೂವತ್ತರ ಒಂದು ಸೈಟಿನ ಬಗ್ಗೆ ಮೆಲ್ಲಗೆ ವಿಚಾರಿಸತೊಡಗುತ್ತಾರೆ. ಶೆಡ್ಡಿನಿಂದ ಬಾಡಿಗೆ ಕೋಣೆಗೆ, ಗಾರೆ ಕೆಲಸದಿಂದ ಆಟೋಗೆ ಬಂದ ಕುಟುಂಬಗಳಲ್ಲಿ ದೇವರ ಜಗಲಿ ಮೊದಲ ಬಾರಿಗೆ ಬೆಂಗಳೂರಿನ ಗೋಡೆಗೆ ಬರುತ್ತದೆ. ಜಗಲಿ ಬಂದ ಮೇಲೆ ಆ ಕೋಣೆಯನ್ನು ರೂಮು ಎನ್ನುವುದು ಕಡಿಮೆಯಾಗುತ್ತದೆ.

ಊರಿನ ಆ ಹೊಸ ಮನೆಗಳ ತಾರಸಿಯನ್ನು ಹತ್ತಿ ನೋಡಿದರೆ, ನಾಲ್ಕು ಮೂಲೆಯ ಕಂಬಗಳಿಂದ ಕಬ್ಬಿಣದ ಸಲಾಕೆಗಳು ಮೇಲಕ್ಕೆ ಚಾಚಿಕೊಂಡಿರುತ್ತವೆ. ಮಕ್ಕಳು ದೊಡ್ಡವರಾದ ಮೇಲೆ ಇನ್ನೊಂದು ಅಂತಸ್ತು ಎಬ್ಬಿಸಲಿ ಎಂದು ಬಿಟ್ಟವು ಅವು. ತುಕ್ಕು ಹಿಡಿಯದಿರಲೆಂದು ಅವುಗಳಿಗೆ ಸಿಮೆಂಟಿನ ಹಾಲು ಬಳಿದಿರುತ್ತಾರೆ, ಮತ್ತು ಹಬ್ಬಕ್ಕೆ ಊರಿಗೆ ಬಂದಾಗಲೊಮ್ಮೆ ಯಾರಾದರೂ ಮೇಲೆ ಹತ್ತಿ ಅದು ಉದುರಿದೆಯೇ ಎಂದು ನೋಡಿ, ಉದುರಿದ್ದರೆ ಮತ್ತೆ ಬಳಿದು ಇಳಿದು ಬರುತ್ತಾರೆ.